ಬಾಡಿಗೆ ಪುಸ್ತಕದಲ್ಲಿ ಕದಿರಪ್ಪ

ಮೊದಲ ನಮೂದು ಅಬ್ಬಾನದು, ಉರ್ದುವಿನಲ್ಲಿ, ಬಲದಿಂದ ಎಡಕ್ಕೆ:
ಎರಡು ಹಾರ್ನು, ಒಂದು ಮೈಕು, ಒಂದು ಬ್ಯಾಟರಿ,
ವೇಮಗಲ್, ಕೂಲಿಗಾರರ ಸಭೆ, ಎಪ್ಪತ್ತೈದು ರೂಪಾಯಿ.
ಬಾಕಿ.
ಬಾಕಿಯ ಕೆಳಗೆ ಎರಡು ಗೆರೆ.

ನಾನಾಗ ವೈರು ಸುತ್ತುವ ಹುಡುಗ.
ಅವನು ರಾಗಿ ಹುಲ್ಲು ಒಟ್ಟಿ, ಕಡ್ಡಿ ಗೀರಿ
ತಮಟೆಯ ಚರ್ಮ ಕಾಯಿಸುತ್ತಿದ್ದ,
ಮಿಂದ ಕೂಸಿನ ಬೆನ್ನು ಶಾಖಕ್ಕೆ ಹಿಡಿದ ಹಾಗೆ.
ಬೆರಳಲ್ಲಿ ಟಣ್ ಅನ್ನಿಸಿ, ತಲೆ ಆಡಿಸಿ, ಮತ್ತೆ ಕಾಯಿಸಿ,
"ಮೈಕು ದೂರ ಇಡೋ ದಸ್ತಗೀರ,
ಇದಕ್ಕೆ ನಿನ್ನ ಬ್ಯಾಟರಿ ಬೇಕಾಗಿಲ್ಲ."
ನಿಜ. ಆ ರಾತ್ರಿ ಹಾರ್ನು ಎರಡು ಸಲ ಕೆಟ್ಟಿತು,
ಹಾಡು ಕೆಡಲಿಲ್ಲ.
ಬಾವಿಯ ಹಾಡು. ಹಗ್ಗ ಯಾರದು, ನೀರು ಯಾರದು ಅಂತ
ಎಣ್ಣೆ ಕಾಣದ ರಾಟೆಯಂಥ ಕೀರಲು ದನಿ.

ಎಂಬತ್ತೊಂಬತ್ತರ ಪುಟದಿಂದ ನನ್ನ ಅಕ್ಷರ.
ಉರಿಗಾಂನಿಂದ ಬಸ್ಸಿಳಿದವನ ಹೆಗಲಲ್ಲಿ
ಗೋಣಿಚೀಲ ಸುತ್ತಿದ ಗಿಟಾರು.
ಗಣಿಯ ಬೋನು ಏರಿಸಿಳಿಸುತ್ತಿದ್ದ ಡೆನ್ಜಿಲ್ ಎಂಬ ಮುದುಕ
ಪರ್ತಿಗೆ, ಮಗಳ ಮನೆಗೆ, ಹೊರಟಾಗ ಕೊಟ್ಟನಂತೆ.
ಐದೇ ತಂತಿ. ಆರನೆಯದಕ್ಕೆ
ನನ್ನ ಸೈಕಲ್ಲಿನ ಬ್ರೇಕಿನ ಎಳೆ ಬಿಚ್ಚಿ ಕಟ್ಟಿದೆವು.

ಕ್ಲಾಕ್ ಟವರಿನ ಹತ್ತಿರ ಮೊದಲ ಸಲ ಬಾರಿಸಿದಾಗ
"ತಮಟೆ ಬಿಟ್ಟ, ನಮ್ಮನ್ನೂ ಬಿಟ್ಟ" ಎಂದು
ಸೋದರಮಾವ ಪಿಳ್ಳಪ್ಪನೇ ಚಪ್ಪಲಿ ತೂರಿದ.
ಒಂದೇ ಒಂದು.
ಕದಿರಪ್ಪ ಅದನ್ನೆತ್ತಿ
ಅಲ್ಲಾಡುತ್ತಿದ್ದ ಮೈಕ್ ಸ್ಟ್ಯಾಂಡಿನ ಪಾದಕ್ಕೆ ಒತ್ತುಕೊಟ್ಟ.
ಹಾಡು ಮುಗಿದ ಮೇಲೆ ಅಂದ:
"ಮಾವ, ಇನ್ನೊಂದೂ ಕೊಡು, ಆ ಕಡೆಗೂ ಬೇಕು."

ಆಮೇಲಿನ ಪುಟಗಳು ದಪ್ಪ.
ಡ್ರಮ್ಮು, ಬೇಸು, ನಾಲ್ಕು ಬಾಕ್ಸು, ಜನರೇಟರು,
ಮುಳಬಾಗಿಲು, ಮಾಲೂರು, ಗಡಿ ದಾಟಿ ಪುಂಗನೂರು.
ತಮಟೆ ಎಡಕ್ಕೆ, ಗಿಟಾರು ಬಲಕ್ಕೆ, ನಡುವೆ ಅವನು
ಅರ್ಧ ಕನ್ನಡ, ಅರ್ಧ ತೆಲುಗು,
ಬೈಗುಳ ಮಾತ್ರ ಪೂರ್ತಿ ತಮಿಳು.
ಟೊಮೆಟೊ ಮಂಡಿಯ ಹಮಾಲರು ಕ್ರೇಟು ಬೋರಲು ಹಾಕಿ ಬಡಿದರು;
ಆ ತಾಳವನ್ನೇ ಕದ್ದು ಮುಂದಿನ ಕ್ಯಾಸೆಟ್ಟಿಗೆ ಹಾಕಿದ.
ನಾನು ಟ್ರೆಬಲ್ ಏರಿಸಿದೆ. ಮತ್ತೂ ಏರಿಸಿದೆ.
ಆಗ ನಮಗೆ ಜೋರು ಅಂದರೆ ನಿಜ.

ಎರಡು ಸಾವಿರದ ನಾಲ್ಕು. ಇದರ ಮಾತು ಬೇಡ.
ರಿದಂ ಪ್ಯಾಡು, ಮಿನುಗುವ ಜಾಕೀಟು,
ಬಾವಿಯ ಹಾಡಿನದೇ ಮಟ್ಟಿಗೆ
ಒಬ್ಬ ಅಭ್ಯರ್ಥಿಯ ಹೆಸರು, ಗುರುತು, ಕೈಮುಗಿತ.
ಬಾಡಿಗೆ ಮುಂಗಡವೇ ಬಂತು. ಬಾಕಿ ಇಲ್ಲ, ಗೆರೆ ಇಲ್ಲ.
ಆ ಪುಟಕ್ಕೆ ಎಣ್ಣೆ ಚೆಲ್ಲಿದ್ದು ನಾನೇ.

ಎಂಟು ವರ್ಷ ಅವನ ಹೆಸರಿಲ್ಲ.
ಗಂಟಲಲ್ಲಿ ಗಂಟು ಅಂದರು, ಕುಡಿತ ಅಂದರು,
ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಅಂದರು.
ಮೂರೂ ನಿಜ.

ಹಿಂತಿರುಗಿ ಬಂದದ್ದು ಉಳಿದಿದ್ದಷ್ಟು ದನಿ.
ಶ್ರುತಿ ಎರಡು ಮನೆ ಕೆಳಗೆ,
ಸಾಲಿನ ಕೊನೆಯ ಪದ ಅರ್ಧ ಉಸಿರು.
ಹಗ್ಗ ಯಾರದು ಎಂದು ಕೇಳಿ
ಉತ್ತರದ ಜಾಗ ಖಾಲಿ ಬಿಟ್ಟು ತಂತಿ ಮುಟ್ಟುತ್ತಾನೆ.
ಹುಡುಗರು ಫೋನು ಎತ್ತಿ ಹಿಡಿದು ಕಾಯುತ್ತಾರೆ.
ಏನಕ್ಕೆ, ಅವರಿಗೂ ಗೊತ್ತಿಲ್ಲ.

ಆ ರಾಟೆಯ ಕಿರ್ರು ಎಲ್ಲಿ ಕಳಕೊಂಡನೋ ಎಂದು
ವರ್ಷಗಟ್ಟಲೆ ಒಳಗೇ ಬೈದಿದ್ದೇನೆ.
ಮೊನ್ನೆ ಟಮಕದ ಆಸ್ಪತ್ರೆಯಲ್ಲಿ
ಹುಡುಗಿ ಕಾಗದದ ಮೇಲೆ ಗೆರೆ ತೋರಿಸಿದಳು,
ಅಂತರಗಂಗೆಯ ಮೆಟ್ಟಿಲ ಹಾಗೆ ಇಳಿದು, ಇಳಿದು.
"ಇಲ್ಲಿಂದ ಮೇಲಿನದು ನಿಮಗೆ ಕೇಳಲ್ಲ ಅಂಕಲ್.
ಇದು ಇವತ್ತಿನದಲ್ಲ."

ಅವನಿಗೆ ಹೇಳಿದೆ. ನಗಲಿಲ್ಲ.
ಬಾಕ್ಸಿನ ಮರದ ಮೇಲೆ ನನ್ನ ಅಂಗೈ ಒತ್ತಿ ಹಿಡಿದು
ದಪ್ಪ ತಂತಿ ಒಮ್ಮೆ ಮೀಟಿದ.
ಬಂತಾ?
ಬಂತು.

ಈ ಸಲದ ನಮೂದು: ಬೇತಮಂಗಲ,
ಒಂದು ಬಾಕ್ಸು, ಒಂದು ಮೈಕು,
ರಾಗಿ ಹುಲ್ಲು ಒಂದು ಕಂತೆ, ನನ್ನ ಲೆಕ್ಕಕ್ಕೆ.
ಅಬ್ಬಾನ ಎಪ್ಪತ್ತೈದು ಇನ್ನೂ ಹಾಗೇ ಇದೆ.
ಕೇಳಿದರೆ, ಬಡ್ಡಿ ಹಾಕುತ್ತಾ ಇರು ಅನ್ನುತ್ತಾನೆ.