ಸಕ್ಕರೆ: ಇಲ್ಲ

ಮಂಡ್ಯ. ಕಾರ್ಖಾನೆಯ ರಾತ್ರಿ ಪಾಳಿ.
ಹೊರಗೆ ಸಾಲುಗಟ್ಟಿದ ಗಾಡಿ, ಎತ್ತಿನ ಬಾಯಲ್ಲಿ ಸೋಗೆ,
ಗಾಳಿಯನ್ನು ನೆಕ್ಕಿದರೂ ಸಿಹಿ.
ನನ್ನ ಕೆಲಸ ಮಾತ್ರ
ಸಿಹಿ ಇಲ್ಲವೆಂದು ಗಂಟೆಗೊಮ್ಮೆ ಬರೆಯುವುದು.

ಹಬೆಯಾಗಿ ಹೋದ ನೀರು ರಸ ಕಾಯಿಸಿ, ತಣಿದು,
ಬಾಯ್ಲರಿಗೇ ಮರಳುತ್ತದೆ.
ಸಂತೆಗೆ ಹೋಗಿಬಂದ ಹುಡುಗನ ಜೇಬಿನಂತೆ
ತಡವಿ ನೋಡಬೇಕು ಅದನ್ನು.
ಎಲ್ಲೋ ಒಂದು ಕೊಳವೆ ಬಿರಿದು
ಒಂದಿಷ್ಟು ರಸ ಬೆರೆತರೆ ಸಾಕು,
ನೀರು ಹುಳಿಯಾಗುತ್ತದೆ, ನೊರೆಯೇಳುತ್ತದೆ,
ಉಕ್ಕಿನ ಒಳಮೈಗೆ
ತಳ ಹಿಡಿದ ಪಾಯಸದ ಕರಿ.

"ಬೋರ್ ನೀರಾದ್ರೆ ಸುಣ್ಣ ಕಟ್ತದೆ ಕನವ್ವ,
ಅದು ನಿಧಾನದ ಸಾವು.
ಬೇಳೆನೇ ಬೇಯದ ನೀರು ಹಬೆಗೆ ಹೆಂಗಾದಾತು?
ಸಕ್ಕರೆದು ಹಂಗಲ್ಲ, ನಗ್‌ನಗ್ತಾ ಬತ್ತದೆ"
ಮೊದಲ ದಿನವೇ ಹೇಳಿದ್ದರು ಮಂಚಯ್ಯ,
ಮಟ್ಟ ತೋರುವ ಗಾಜಿನಿಂದ ಕಣ್ಣು ತೆಗೆಯದೆ.

ಮೂರು ಹತ್ತರ ಮಾದರಿ.
ಪ್ರನಾಳದಲ್ಲಿ ಎರಡು ಬೆರಳು ನೀರು, ಐದು ಹನಿ ನ್ಯಾಫ್ಥಾಲ್,
ಗಾಜಿನ ಗೋಡೆಗುಂಟ ಮೆಲ್ಲನೆ ಆಮ್ಲ.
ಎರಡೂ ಕೂಡುವಲ್ಲಿ
ನೇರಳೆಯ ಉಂಗುರ.
ಹಣ್ಣು ತಿಂದ ನಾಲಿಗೆಯ ಬಣ್ಣ.
ಇಷ್ಟು ಚೆಂದದ್ದಕ್ಕೆ ನಾನು ಎಂದೂ ಇಷ್ಟು ಹೆದರಿರಲಿಲ್ಲ.

ಫೋನು ಎತ್ತಲಿಲ್ಲ, ಓಡಿದೆ.
ಮಂಚಯ್ಯ ಬೀಡಿ ಬಿಸಾಕಿ
ವಾಲ್ವಿನ ಚಕ್ರಕ್ಕೆ ಎದೆ ಕೊಟ್ಟರು.
ಮರಳುವ ನೀರೆಲ್ಲ ಚರಂಡಿಗೆ,
ಮೇಲಿನ ಟ್ಯಾಂಕಿನಿಂದ ಮೆದು ನೀರು, ಕಾಸ್ಟಿಕ್,
ಬ್ಲೋಡೌನ್ ಗುಂಡಿಯಿಂದ ಬಿಳಿಯ ಆರ್ಭಟ.
ಎತ್ತುಗಳು ಬೆಚ್ಚಿ ಎದ್ದವು, ಕೊರಳಗಂಟೆ.
ಗಾಜಿನಲ್ಲಿ ನೀರು
ನಡುಗಿತು, ನಡುಗಿತು,
ನಿಂತಿತು.

ಆಮೇಲೆ ಕಾಲುಗಂಟೆಗೊಂದು ಪ್ರನಾಳ.
ನೇರಳೆ. ತಿಳಿ ನೇರಳೆ.
ಹೌದೋ ಅಲ್ಲವೋ ಅನ್ನುವಷ್ಟು.
ದೀಪಕ್ಕೆ ಹಿಡಿದೆ, ಗೋಡೆಗೆ ಹಿಡಿದೆ,
ಕೊನೆಗೆ ನನ್ನ ಬಿಳಿ ಕೋಟಿನ ತೋಳಿಗೇ ಹಿಡಿದು ನೋಡಿದೆ.
ಐದೂವರೆಗೆ ಬರೀ ನೀರು.

ಸಪ್ಪೆ ಕಾಫಿ ಊದುತ್ತ ಮಂಚಯ್ಯ
ಬೆರಳ ತುದಿ ತೋರಿಸಿದರು, ಸೂಜಿ ಚುಚ್ಚಿದ ಚುಕ್ಕಿಗಳು:
"ನಂದೂವೆ ಹಿಂಗೇ ನೋಡ್ತರೆ ಆಸ್ಪತ್ರೇಲಿ.
ತಿರುಗ್ಸಾಕೆ ವಾಲ್ವು ಒಂದಿಲ್ಲ."

ಬೆಳಗಿನ ಪಾಳಿಯ ಹುಡುಗ ಬಂದ, ತಲೆ ಇನ್ನೂ ಒದ್ದೆ.
"ರಾತ್ರಿ ಏನಾದ್ರೂ?" ಎಂದ.
ಪುಸ್ತಕ ಮುಂದೆ ತಳ್ಳಿದೆ.
ಕೊನೆಯ ಸಾಲಿನ ಶಾಯಿ ಆರಿರಲಿಲ್ಲ.

ಸೈಕಲ್ ತಳ್ಳಿಕೊಂಡು ಹೊರಟಾಗ
ಗಾಡಿಯವನೊಬ್ಬ ಜಲ್ಲೆ ಮುರಿದು ಕೊಟ್ಟ.
ಗೇಟು ದಾಟುವವರೆಗೂ
ಕಚ್ಚಲಿಲ್ಲ.