ಹೆಸರು ಆಮೇಲೆ

"ಹೆಸರು ಆಮೇಲೆ ಹೇಳ್ತೀವಿ ಆಚಾರ್ರೆ,
ಮೊದ್ಲು ಶಾಂತಿ ಕೆತ್ತಿಬಿಡ್ರಿ" ಅಂದ ಬಕ್ಕೇಶಿ.
ಕೆತ್ತಿದೆ.

ಮಂಡಿಪೇಟೆಯ ಈ ಆರಡಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ:
ಕಬಡ್ಡಿ ಕಪ್ಪು, ನಿವೃತ್ತರ ತಟ್ಟೆ, ಮದುವೆಯ ಬಿಂದಿಗೆ,
ತೀರಿಕೊಂಡ ಡಾಕ್ಟರ ಬಾಗಿಲ ಫಲಕ.
ಯಾವ ಅಕ್ಷರಕ್ಕೂ ಉಳಿ ಅಂಜಿದ್ದಿಲ್ಲ,
ಸೊನ್ನೆಯೊಂದು ಬಿಟ್ಟು.
ಸುತ್ತಿ ಬಂದು ಹೊರಟಲ್ಲಿಗೇ ಮುಟ್ಟಬೇಕು ಅದು.
ಕೂದಲೆಳೆಯಷ್ಟು ತಪ್ಪಿದರೂ
ಶಾಂತಿಯ ನಡುವೆ ಒಂದು ಕೊಂಡಿ.

ಸಂಸ್ಥೆ ಸಮುದ್ರದ ಆಚೆಯದಂತೆ,
ರಸೀದಿಗೆ ಪಿ.ಜೆ. ಬಡಾವಣೆಯ ವಿಳಾಸ.
ಭೂಮಂಡಲದ ಮೇಲೆ ಪಾರಿವಾಳ ಕೂತ ಹಿತ್ತಾಳೆಗೆ
ಮೂರು ಪದರ ಚಿನ್ನದ ನೀರು.
ಹೆಸರಿನ ಪಟ್ಟಿ ಮಾತ್ರ ಬೇರೆ,
"ಗಮ್ ಹಾಕಬ್ಯಾಡ್ರಿ, ಎರಡು ಮುಖದ ಟೇಪ್ ಸಾಕು."

ಮೊದಲ ಪಟ್ಟಿ ಒಬ್ಬ ಅಕ್ಕಿಗಿರಣಿಯವರದು.
ಸೋಮವಾರ ಕಿತ್ತೆ.
ಎರಡನೆಯದು ಒಬ್ಬ ಮಾಜಿಯವರದು.
ಟಿಕೆಟ್ ಪಟ್ಟಿ ಹೊರಬಿದ್ದ ಸಂಜೆ ಅದನ್ನೂ ಕಿತ್ತೆ.
ಮೂರನೆಯವರು ಹಾಲಿ.
ಉಗುರು ತಾಗಿ ಪಾರಿವಾಳದ ಬಾಲದ ಬಣ್ಣ ಹೋಯಿತು,
ಒಳಗಿನ ಸೀಸದ ಕಪ್ಪು ಕಂಡಿತು.
"ಫೋಟೋದಾಗೆ ಬಾಲ ಬರಂಗಿಲ್ಲ ಬಿಡ್ರಿ" ಅಂದ ಬಕ್ಕೇಶಿ.

ನಗಬೇಡಿ ನಮ್ಮೂರನ್ನು.
ಪೇಪರಿನಲ್ಲಿ ನೋಡುತ್ತೇನಲ್ಲ,
ಹಿಮ ಬೀಳುವ ದೇಶದ ದೊಡ್ಡ ಸಭಾಂಗಣ,
ಪದಕ ಹಿಡಿದ ಕೈ;
ವರ್ಷ ತುಂಬುವುದರೊಳಗೆ ಅದೇ ಕೈ
ವಿಮಾನಗಳಿಗೆ ಹೂಂ ಅಂದಿರುತ್ತದೆ.
ಅಲ್ಲೂ ನಾಲ್ಕೈದು ಜನ ಕದ ಹಾಕಿಕೊಂಡು ಕೂರುತ್ತಾರಂತೆ,
ಅಲ್ಲೂ ಒಬ್ಬ ಕೆತ್ತುವವನಿರಬೇಕು,
ಕನ್ನಡಕ ಹಣೆಗೇರಿಸಿಕೊಂಡು
ಅವನೂ ಕಾಯುತ್ತಿರಬೇಕು, ಫೋನಿಗೆ.

"ಶಾಂತಿ ಯಾರು ಮಾಡಿದ್ರೀ ಇಲ್ಲಿ?" ಕೇಳಿದ ಮೌನೇಶ,
ಹೆಸರಿಗೆ ತಕ್ಕಂತೆ ದಿನಕ್ಕೆ ಎರಡು ಮಾತಿನ ಹುಡುಗ,
ಪಾಲಿಶ್ ಬಟ್ಟೆ ಕೈಯಲ್ಲೇ ಇತ್ತು.
ಹೋದ ವರ್ಷ ಕಲ್ಲು ತೂರಿದ ರಾತ್ರಿಯ ಮಾತು.
ಅವತ್ತು ಭಟ್ಟಿಗೆ ಕೆಲಸದವರು ಬಂದಿರಲಿಲ್ಲ,
ಒಲೆ ಮಾತ್ರ ಉರಿಯುತ್ತಿತ್ತು.
ಜುಲೇಖಾಬಿ ಕದ ತೆಗೆದು,
ಈ ಓಣಿಯ ಏಳು, ಆ ಓಣಿಯ ಒಂಬತ್ತು ಹುಡುಗರನ್ನು
ಒಳಗೆ ನೂಕಿ ಚಿಲಕ ಹಾಕಿದಳಂತೆ.
"ಕೈ ಕೆರೀತದಾ? ಜರಡಿ ಹಿಡೀರಿ.
ಮಳ್ಳು ಕಾದೈತಿ, ಅಕ್ಕಿ ಸೀಯ್ತದೆ."
ಬೆಳಗಿನ ತನಕ ಚಟಪಟ ಚಟಪಟ.
ಹೊರಗೆ ಜೀಪಿನವರು ಗುಂಡೆಂದು ಬಗೆದು ಬಾಗಿಲು ಒದ್ದರೆ
ಹದಿನಾರು ಹುಡುಗರು ಬೆವತುಕೊಂಡು
ಮಂಡಕ್ಕಿ ತುಂಬುತ್ತಿದ್ದರು.
ಯಾರ ಹೆಸರೂ ಬರೆದುಕೊಳ್ಳಲಿಲ್ಲ,
ಅವಳದನ್ನೂ.

"ನಿನಗ್ಯಾರು ಹೇಳಿದ್ರೋ?"
"ಹದಿನಾರ್ನೇದವ ನಾನು."
ಅಷ್ಟೇ, ಅವತ್ತಿನ ಎರಡು ಮಾತು ಮುಗಿದಿತ್ತು.
ಅಂಗಿಯ ಕಿಸೆಯಲ್ಲಿ ಅವತ್ತು ಉಳಿದ ಕಲ್ಲೇ
ಈ ಮೇಜಿನ ಕುಂಟು ಕಾಲಿಗೆ ಅವನು ಕೊಟ್ಟ ಒತ್ತು.
ಅದರ ಮೇಲೆ ಕೂತು ನಾನು
ವಿಶ್ವದ ಶಾಂತಿ ಕೆತ್ತಿದ್ದು ಅಲುಗಾಡದೆ.

ಗುರುವಾರ ಬಂದಳು ಆಕೆ, ಸೇರು ಹಿಡಿದು.
ಮೊಣಕೈವರೆಗೆ ಹಳೆಯ ಸುಟ್ಟ ಕಲೆ.
"ಸಂತೇಲಿ ಕದೀತಾರೆ, ನನ್ ಹೆಸ್ರು ಹಾಕ್ಕೊಡಿ."
ಹಾಕಿದೆ. ಸೊನ್ನೆಯಿಲ್ಲದ ಹೆಸರು, ಸುಲಭ.
ಮೂವತ್ತು ಅಂದರೆ ಇಪ್ಪತ್ತಕ್ಕೆ ಎಳೆದಳು.
ಪಾರಿವಾಳದತ್ತ ಗದ್ದ ಎತ್ತಿ, "ಇದ್ಯಾರ್ದು?"
"ಇನ್ನೂ ಗೊತ್ತಿಲ್ಲ."
"ಯಾರ್ದಂತ ತಿಳೀದೆ ಮಾಡ್ತೀರಾ?"

ಮೌನೇಶ ನನ್ನನ್ನೇ ನೋಡುತ್ತಿದ್ದ.
"ಅಡ್ವಾನ್ಸ್ ಬಂದೈತಲ್ಲ ತಾಯಿ" ಅಂದೆ.
ಸೇರನ್ನು ಸೆರಗಿನಿಂದ ಒರೆಸಿಕೊಂಡು
ಅಶೋಕ ರಸ್ತೆಯ ಗೇಟು ಬೀಳುವ ಮುಂಚೆ ದಾಟಲು ಹೊರಟಳು.
ಹಿಂದೆಯೇ ಫೋನು:
ಪಟ್ಟಿ ಮತ್ತೆ ಕೀಳಬೇಕಂತೆ.