ಆ ಹಲ್ಲು ಯಾರದು

ಜತ್ತ ಬಸ್‌ಸ್ಟ್ಯಾಂಡಿನ ಹಿಂದ, ಪಂಕ್ಚರ್ ತೆಗಿಯೋ ರಾಜೇಸಾಬನ ಬಾಜೂಕ
ನನ್ನ ಫ್ಲೆಕ್ಸ್ ಅಂಗಡಿ.
ಹುಟ್ಟುಹಬ್ಬ, ಗೃಹಪ್ರವೇಶ, ಪಂಚಾಯ್ತಿ ಗೆದ್ದವರು,
ಮತ್ತ ಸತ್ತವರು.
ಸತ್ತವರದು ಯಾವಾಗಲೂ ಅರ್ಜಂಟ್.

ಕೋಡು ಬರಿಯಾಕ ನನಗ ಬರೂದಿಲ್ಲ.
ಹತ್ತನೇತ್ತ ಎರಡು ಸಲ ಕುಂತಾಂವ,
ಎರಡೂ ಸಲ ಬೀಜಗಣಿತ ಕೆಡವಿತು.
ಆದ್ರ ಈ ಹತ್ಯಾರಕ್ಕ ಅದೆಲ್ಲಾ ಬೇಕಿಲ್ಲ.
ಪರದೆ ಮ್ಯಾಲ ಡಬ್ಬಿ ಇಡೂದು,
ಡಬ್ಬಿಯಿಂದ ಡಬ್ಬಿಗೆ ತಂತಿ ಎಳಿಯೂದು,
ಲಗ್ನದ ಮಂಟಪಕ್ಕ ದೀಪದ ಸರ ಕಟ್ಟಿದಂಗ.
ಒಂದು ಡಬ್ಬಿ ಫೋಟೋ ತಗೋತೈತಿ,
ಒಂದು ಹಿಂದಿನ ಗ್ವಾಡಿ ಒರಸತೈತಿ,
ಒಂದು ಹೆಗಲಿಗೆ ಶಾಲು ಹೊಚ್ಚತೈತಿ,
ಇನ್ನೊಂದು ಆಕಾಶ ಬರೀತೈತಿ, ಮೋಡ ಎಷ್ಟಿರಲಿ ಅಂತ ಕೇಳಿ.
ಕಡೀಕ ತಂತಿಗೆ ಎರಡು ಟಿಸಿಲು:
ಒಂದು ಮರಾಠಿ, ಒಂದು ಕನ್ನಡ.
ಭಾವಪೂರ್ಣ ಶ್ರದ್ಧಾಂಜಲಿ ಎರಡಕ್ಕೂ ಒಂದ,
ಲಿಪಿ ಅಷ್ಟ ಬ್ಯಾರೆ.

ಇದಕ್ಕ ರೊಕ್ಕ ಎಷ್ಟು ಕೊಟ್ಟಿ ಅಂತ ಕೇಳಿದ ರಾಜೇಸಾಬ.
ಪುಕ್ಕಟ ಅಂದೆ. ನಂಬಲಿಲ್ಲ.
ಅರವಟಿಗಿ ಇದ್ದಂಗ, ಅಂದೆ.
ಯಾರೋ ಹಾದಿ ಮಗ್ಗಲ ಹರವಿ ಇಟ್ಟು ಹೋಗ್ಯಾರ.
ಕುಡಿ. ಆದ್ರ ನೀನೂ ಒಂದು ಕೊಡ ತುಂಬು.
ತಳ ನೋಡಬೇಕಂದ್ರ ಮುಚ್ಚಳ ತೆಗದು ನೋಡು.
'ಹಂಗಾರ ನೀ ಏನ ತುಂಬೀಯೋ?'
ನಾ ಸುಮ್ಮನಾದೆ.

ಮೊನ್ನೆ ಸಂಖದಿಂದ ಸಾಂವಕ್ಕ ಬಂದ್ಲು.
ಸೆರಗಿನ ಗಂಟಿನಾಗ ಗಂಡನ ಆಧಾರ್ ಕಾರ್ಡು.
ಬ್ಯಾರೆ ಫೋಟೋ ಇಲ್ಲ, ಅವಂಗ ನಿಂದ್ರಾಕ ಪುರಸೊತ್ತು ಎಲ್ಲಿತ್ತು, ಅಂದ್ಲು.
ಹೆಸರು ಧರೆಪ್ಪ.
ಒಣದ್ರಾಕ್ಷಿ ಶೆಡ್ಡಿನಾಗ ಪೆಟ್ಟಿಗಿ ಹೊರತಿದ್ದ.
ಕಾರ್ಡಿನಾಗ ಬಾಯಿ ಅರ್ಧ ತೆರದಿತ್ತು, ಏನೋ ಹೇಳಾಕ ಹೊಂಟಂಗ.

ಗುಂಡಿ ಒತ್ತಿದೆ.
ಡಬ್ಬಿ ಒಂದೊಂದ ಹಸರಾದ್ವು.
ಉಗುರಷ್ಟಿದ್ದ ಮಸಕು ಮುಖ
ಪರದೆ ತುಂಬ ಎದ್ದು ಬಂದು ನಕ್ಕಿತು.
ಸಾಂವಕ್ಕ ಬಾಳ ಹೊತ್ತು ನೋಡಿದ್ಲು.
ಶಾಲು ನೋಡಿದ್ಲು, ಮೋಡ ನೋಡಿದ್ಲು.
'ಆ ಹಲ್ಲು ಯಾರದು?' ಅಂದ್ಲು.

ಮುಂದಿನದೊಂದು ಇರಲಿಲ್ಲಂತ.
ಹದಿನಾರನೇ ವಯಸ್ಸಿನಾಗ
ಸೋಡಾ ಬಾಟ್ಲಿ ಬಿರಡಿ ಕಚ್ಚಿ ತೆಗಿಯಾಕ ಹೋಗಿ ಮುರಕೊಂಡಿದ್ದ.
ಆ ಸಂದಿನಿಂದ ಸಿಳ್ಳಿ ಹೊಡಿತಿದ್ದ.
ಹಳ್ಳದ ಆಚಿಂದನ ಕೇಳತಿತ್ತು,
ಆಕಿ ಒಲಿ ಮ್ಯಾಲ ತವಾ ಇಡತಿದ್ಲು.
'ಈ ಬಾಯಾಗ ಸಿಳ್ಳಿ ಎಲ್ಲಿಂದ ಬರಬೇಕೋ ತಮ್ಮಾ?'

ಒಂದೊಂದ ಡಬ್ಬಿ ಮುಚ್ಚಳ ತೆಗದೆ.
ಗ್ವಾಡಿ ಒರಸಿದ್ದಲ್ಲ. ಶಾಲು ಹೊಚ್ಚಿದ್ದಲ್ಲ.
ನಡುವ ಒಂದು ಕುಂತಿತ್ತು: ಮುಖ ಸರಿಮಾಡು.
ನಾನ ಜೋಡಿಸಿದ್ದು, ಹೋದ ದೀಪಾವಳಿಗೆ,
ಒಬ್ಬ ನಗರಸೇವಕನ ಮೊಡವಿ ಸಲುವಾಗಿ.
ತೆಗಿಯಾಕ ಮರತಿದ್ದೆ.
ಆವತ್ತಿಂದ ಎಷ್ಟು ಮಂದಿಗೆ ಹಲ್ಲು ಕೊಟ್ಟೀನೋ,
ಎಷ್ಟು ಸಿಡುಬಿನ ಕಲಿ ಅಳಸೀನೋ.
ಯಾರೂ ಕೇಳಲಿಲ್ಲ.
ಚೌಕದಾಗ ನಿಂತು, ಕೈ ಮುಗದು, ಬಸ್ ಹಿಡದು ಹೋದರು.

ತಂತಿ ಕಿತ್ತೆ.
ಹಲ್ಲು ಹೋತು. ಕರೀ ಸಂದು ಬಂತು.
ಆಕಿ ಕುರ್ಚಿ ಮುಂದಕ ಎಳಕೊಂಡ್ಲು.

ರಾತ್ರಿ ಒಂದು ಹೊಸಾ ಡಬ್ಬಿ ಮಾಡಿದೆ.
ಅದೇನೂ ಮಾಡೂದಿಲ್ಲ.
ಮುಖ ಬಂದ ಕೂಡ್ಲೆ ಸಾಲೆಲ್ಲಾ ನಿಂದರಸಿ
ಮನಿಯವರಿಗೆ ತೋರಿಸು ಅಂತೈತಿ,
ಯಾರರೆ ಹೂಂ ಅನ್ನೂತನಕ ಕಾಯತೈತಿ.
ಧರೆಪ್ಪ ಅಂತ ಹೆಸರಿಟ್ಟು
ಹರವ್ಯಾಗ ಸುರುವಿದೆ.
ಯಾವ ಊರಾಗ ಯಾರು ಬೊಗಸಿ ಒಡ್ಡತಾರೋ.

ಮರುದಿನ ಫ್ಲೆಕ್ಸಿನ ಸುರುಳಿ ಬಗಲಾಗ ಇಟಗೊಂಡು
ಮೆಟ್ಟಿಲ ಇಳದಾಕಿ ತಿರುಗಿ ಬಂದ್ಲು ಸಾಂವಕ್ಕ.
'ನಿನ್ನೆ ಕಿತ್ತೆಲ್ಲ, ಅದನ್ನ ಒಗದಿ ಏನು?'
ಇಲ್ಲಬೇ, ಮೂಲ್ಯಾಗ ಐತಿ, ತಂತಿ ಇಲ್ಲದ.
'ಇರಲಿ. ನಮ್ಮ ನಾದಿನಿ ಮಗಂದು ವೈಶಾಖದಾಗ ಲಗ್ನ.
ಅವಂಗೂ ಮುಂದಿನದೊಂದಿಲ್ಲ.
ಅವನ್ನ ಕೇಳಿ ಹಚ್ಚು.'